ನುಡಿಸಲು ಬಾರದವನು ಮಾಡಿದ ವಾದ್ಯ

ಹುಬ್ಬಳ್ಳಿ-ಧಾರವಾಡಗಳಲ್ಲಿ ಸಂಗೀತದ ಮಾತು ಬಂದರೆ ಮೊದಲು ನೆನಪಾಗುವುದು ಹಾಡುವ ಕಂಠ. ಆಮೇಲೆ ಅದರ ಬೆನ್ನಿಗೆ ಮಿಡಿಯುವ ತಂಬೂರಿ. ಕುಂದಗೋಳದ ಸವಾಯಿ ಗಂಧರ್ವರು ಮೊದಲಾಗಿ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಮುಂತಾದ ಹಿರಿಯರು ಹಾಡಿ ಬೆಳಗಿದ ಈ ನೆಲದಲ್ಲಿ ವಿದ್ಯುತ್ ಗಿಟಾರಿನ ವಿಷಯವನ್ನೆತ್ತುವುದು ಕೆಲವರಿಗೆ ಅಪಸ್ವರವೆನಿಸಬಹುದು. ಆದರೂ ಕಣ್ಣಿಗೆ ಕಾಣುವುದನ್ನು ಇಲ್ಲವೆನ್ನಲಾಗದು. ಕಾಲೇಜು ವಿದ್ಯಾರ್ಥಿಗಳ ಬಾಡಿಗೆಯ ಕೋಣೆಗಳಲ್ಲಿ, ಹಬ್ಬದ ರಾತ್ರಿಯ ಆರ್ಕೆಸ್ಟ್ರಾಗಳಲ್ಲಿ, ವಾದ್ಯಗಳ ಅಂಗಡಿಗಳ ಗೋಡೆಗಳ ಮೇಲೆ ಆ ವಾದ್ಯ ಇಂದು ತನ್ನ ಸ್ಥಳವನ್ನು ಹಿಡಿದು ಕುಳಿತಿದೆ. ಅದರ ಆಕಾರ ಎಲ್ಲರಿಗೂ ಪರಿಚಿತ: ನಡುವಿನಲ್ಲಿ ಸೊಂಟ, ಮೇಲೆ ಎರಡು ಕೋಡು, ಒಂದೇ ಪಕ್ಕಕ್ಕೆ ಸಾಲಾಗಿ ನಿಂತ ಆರು ಬಿರಡೆ. ಆಕಾರವನ್ನು ಬಲ್ಲವರಲ್ಲಿ ಅದನ್ನು ಕೊಟ್ಟವನ ಬಾಳನ್ನು ಬಲ್ಲವರು ಕಡಿಮೆ. ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬ ಸಂಗತಿಯಂತೂ ಕೇಳಿದವರಿಗೆ ಕಟ್ಟುಕಥೆಯಂತೆ ತೋರುತ್ತದೆ.

ನಾನು ಸಂಗೀತವನ್ನು ವೃತ್ತಿಯಾಗಿ ಹಿಡಿದವನಲ್ಲ. ದಿನದ ಕೆಲಸ ಮುಗಿದ ಮೇಲೆ ಒಂದು ತಾಸು ತಂತಿಗಳ ಮೇಲೆ ಬೆರಳಾಡಿಸುವ ಹವ್ಯಾಸಿ. ಹವ್ಯಾಸಿಗೆ ಎರಡು ಕೊರತೆಗಳು ಹುಟ್ಟಿನಿಂದಲೇ ಬಂದಿರುತ್ತವೆ: ಒಂದು ಸಮಯದ್ದು, ಇನ್ನೊಂದು ಹಣದ್ದು. ಮನೆಯ ಬಾಡಿಗೆ, ಮಕ್ಕಳ ಶಾಲೆಯ ಫೀ, ಕಿರಾಣಿ ಅಂಗಡಿಯ ಉದ್ರಿ ಇವೆಲ್ಲ ತೀರಿದ ಮೇಲೆ ಉಳಿದುದರಲ್ಲಿ ಆತ ತನ್ನ ವಾದ್ಯವನ್ನು ಕೊಳ್ಳಬೇಕು. ಇಂಥವನಿಗೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನುಡಿಸಲು ಯೋಗ್ಯವಾದ ವಿದ್ಯುತ್ ಗಿಟಾರೊಂದು ಹುಬ್ಬಳ್ಳಿಯ ಅಂಗಡಿಯಲ್ಲಿ ದೊರೆಯುವುದೆಂದರೆ ಅದು ಸಣ್ಣ ಮಾತಲ್ಲ. ಅದು ತಾನಾಗಿ ಆದುದೂ ಅಲ್ಲ. ಅದರ ಹಿಂದೆ ಒಬ್ಬ ರೇಡಿಯೋ ರಿಪೇರಿಯವನ ಐವತ್ತು ವರ್ಷಗಳ ಚಿಂತನೆಯಿದೆ. ಆತನೇ ಲಿಯೋ ಫೆಂಡರ್.

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಎಂಬುದು ಹೆತ್ತವರಿಟ್ಟ ಹೆಸರು. ೧೯೦೯ನೆಯ ಇಸವಿ ಆಗಸ್ಟ್ ೧೦ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಅನಾಹೈಮ್ ಮತ್ತು ಫುಲರ್ಟನ್ ಊರುಗಳ ಬಳಿಯ ಕಿತ್ತಳೆಯ ತೋಟವೊಂದರಲ್ಲಿ ಆತ ಹುಟ್ಟಿದನು. ತಂದೆತಾಯಿಗಳು ಒಕ್ಕಲುತನದವರು, ತೋಟದ ಕೊಟ್ಟಿಗೆಯೇ ಆಗ ಅವರ ಮನೆ. ಎಂಟನೆಯ ವಯಸ್ಸಿನಲ್ಲಿ ಹುಡುಗನ ಎಡಗಣ್ಣಿನಲ್ಲಿ ಗಂಟು ಬೆಳೆದು ಕಣ್ಣನ್ನೇ ತೆಗೆಯಬೇಕಾಯಿತು. ಆ ಸ್ಥಳದಲ್ಲಿ ಗಾಜಿನ ಕಣ್ಣು ಬಂದಿತು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಆತನ ಓರಗೆಯವರೆಲ್ಲ ಸೈನ್ಯಕ್ಕೆ ಹೋದಾಗ ಆತ ಊರಿನಲ್ಲಿಯೇ ಉಳಿದುದಕ್ಕೆ ಈ ಒಂದು ಕಣ್ಣೇ ಕಾರಣ. ಮನೆಗೆ ಮಳೆಯಾದರೂ ಹೊಲಕ್ಕೆ ಬೆಳೆಯಾದಂತೆ, ಕಣ್ಣು ಹೋದದ್ದು ಆತನಿಗೆ ದುಃಖವಾದರೂ ಆ ಉಳಿದ ವರ್ಷಗಳು ಸಂಗೀತಲೋಕಕ್ಕೆ ಲಾಭವಾದವು.

ಹದಿಮೂರು-ಹದಿನಾಲ್ಕರ ಪ್ರಾಯದಲ್ಲಿ ಆತನ ಬದುಕಿನ ದಿಕ್ಕು ಗೊತ್ತಾಯಿತು. ಮೋಟಾರುಗಳ ವಿದ್ಯುತ್ ಕೆಲಸದ ಅಂಗಡಿಯಿಟ್ಟಿದ್ದ ಬಂಧುವೊಬ್ಬನು ಹುಡುಗನಿಗೆ ಒಂದು ಪೆಟ್ಟಿಗೆಯ ತುಂಬ ಹಳೆಯ ರೇಡಿಯೋ ಸಾಮಾನುಗಳನ್ನೂ ಒಂದು ಬ್ಯಾಟರಿಯನ್ನೂ ಕಳಿಸಿಕೊಟ್ಟನು. ಮರುವರ್ಷ ಆ ಅಂಗಡಿಗೆ ಹೋದಾಗ, ಬಂಧುವು ತಾನೇ ಕಟ್ಟಿ ಅಂಗಡಿಯ ಮುಂದಿಟ್ಟಿದ್ದ ರೇಡಿಯೋದಿಂದ ಹೊರಟ ಗಟ್ಟಿಯಾದ ಸಂಗೀತವು ಹುಡುಗನ ಮನಸ್ಸನ್ನು ಸೆರೆಹಿಡಿಯಿತು. ಸಂಗೀತದ ಮೇಲೆ ಎಷ್ಟು ಬೆರಗೋ, ಆ ಸಂಗೀತವನ್ನು ದೊಡ್ಡದು ಮಾಡುವ ಯಂತ್ರದ ಮೇಲೆಯೂ ಅಷ್ಟೇ ಬೆರಗು. ಬಾಲ್ಯದಲ್ಲಿ ಪಿಯಾನೋ, ಸ್ಯಾಕ್ಸೊಫೋನ್ ವಾದನಗಳನ್ನು ಸ್ವಲ್ಪ ಕಲಿತದ್ದುಂಟು, ಮುಂದುವರಿಯಲಿಲ್ಲ. ೧೯೨೮ರಲ್ಲಿ ಫುಲರ್ಟನ್ನಿನ ಪ್ರೌಢಶಾಲೆಯನ್ನು ಮುಗಿಸಿ ಕಾಲೇಜಿನಲ್ಲಿ ಆತ ಓದಿದುದು ಲೆಕ್ಕಪತ್ರದ ಶಾಸ್ತ್ರವನ್ನು. ವಿದ್ಯುತ್ತಿನ ವಿದ್ಯೆಯನ್ನು ಯಾವ ಶಾಲೆಯಲ್ಲಿಯೂ ಕಲಿಯಲಿಲ್ಲ. ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಲಿತನು.

ಆರ್ಥಿಕ ಮುಗ್ಗಟ್ಟಿನ ದಿನಗಳು ಬಂದವು. ಫೆಂಡರ್ ಮೊದಲು ಮಂಜುಗಡ್ಡೆಯ ಕಂಪನಿಯೊಂದರಲ್ಲಿ ಮಾಲು ಮುಟ್ಟಿಸುವವನಾಗಿ, ಅನಂತರ ಅಲ್ಲಿಯೇ ಲೆಕ್ಕ ಬರೆಯುವವನಾಗಿ ದುಡಿದನು. ಆ ಕಾಲದಲ್ಲಿ ಊರಿನ ವಾದ್ಯಮೇಳದವನೊಬ್ಬನು ಕುಣಿತದ ಕೂಟಗಳಿಗಾಗಿ ಧ್ವನಿವರ್ಧಕಗಳನ್ನು ಕಟ್ಟಿಕೊಡಬೇಕೆಂದು ಕೇಳಲು, ಆತ ಆರು ಧ್ವನಿವರ್ಧಕಗಳನ್ನು ಮಾಡಿಕೊಡಲು ಒಪ್ಪಿಕೊಂಡನು. ೧೯೩೪ರಲ್ಲಿ ಎಸ್ತರ್ ಎಂಬಾಕೆಯೊಡನೆ ವಿವಾಹವಾಯಿತು. ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗನ ಕೆಲಸ ಸಿಕ್ಕಿತು; ಹುದ್ದೆಯನ್ನು ತೆಗೆದುಹಾಕಿದ್ದರಿಂದ ಕೆಲಸವೂ ಹೋಯಿತು. ಟೈರು ಮಾರುವ ಕಂಪನಿಯೊಂದರಲ್ಲಿ ಸಿಕ್ಕ ಕೆಲಸ ಆರು ತಿಂಗಳು ಮಾತ್ರ ಉಳಿಯಿತು. ಇಪ್ಪತ್ತೊಂಬತ್ತರ ಹರೆಯದ ಫೆಂಡರ್ ೧೯೩೮ರಲ್ಲಿ ೬೦೦ ಡಾಲರ್ ಸಾಲ ತೆಗೆದು, ಹೆಂಡತಿಯೊಡನೆ ಫುಲರ್ಟನ್ನಿಗೆ ಮರಳಿ, ಒಂದು ರೇಡಿಯೋ ರಿಪೇರಿಯ ಅಂಗಡಿಯನ್ನು ತೆರೆದನು.

ಈ ಅಂಗಡಿಯೇ ಆತನ ವಿದ್ಯಾಪೀಠ. ಅದನ್ನು ಅರಿಯಲು ನಮ್ಮವರು ದೂರ ಹೋಗಬೇಕಾಗಿಲ್ಲ. ಧಾರವಾಡದಲ್ಲಿ ಆಕಾಶವಾಣಿಯ ಕೇಂದ್ರ ೧೯೫೦ರಲ್ಲಿ ಆರಂಭವಾದ ಮೇಲೆ ಮನೆಮನೆಗೆ ರೇಡಿಯೋ ಬಂದಿತು. ರೇಡಿಯೋ ಬಂದಲ್ಲಿ ಅದನ್ನು ರಿಪೇರಿ ಮಾಡುವ ಸಣ್ಣ ಅಂಗಡಿಗಳೂ ಬಂದವು. ಬಿಚ್ಚಿದ ಪೆಟ್ಟಿಗೆಗಳ ನಡುವೆ, ಬೆಸುಗೆಯ ಹೊಗೆಯಲ್ಲಿ ತಲೆ ಬಗ್ಗಿಸಿ ಕೂತ ಆ ಕುಶಲಕರ್ಮಿಗಳನ್ನು ಹಿರಿಯ ವಾಚಕರು ಕಂಡಿರಲೇಬೇಕು. ರಿಪೇರಿಯವನಿಗೆ ಒಂದು ವಿಶೇಷ ಜ್ಞಾನವಿರುತ್ತದೆ. ವಸ್ತು ಹೇಗೆ ನಡೆಯುತ್ತದೆಂಬುದನ್ನು ಮಾಡಿದವನು ಬಲ್ಲನು; ಅದು ಎಲ್ಲಿ ಕೆಡುತ್ತದೆಂಬುದನ್ನು ರಿಪೇರಿಯವನು ಬಲ್ಲನು. ಫೆಂಡರನ ಅಂಗಡಿಗೆ ಸುತ್ತಲಿನ ಕುಣಿತದ ಮನೆಗಳ ವಾದಕರು ಕೆಟ್ಟ ಆಂಪ್ಲಿಫಾಯರುಗಳನ್ನು ಹೊತ್ತು ತರುತ್ತಿದ್ದರು. ಅವರು ಶ್ರೀಮಂತರಲ್ಲ. ರಾತ್ರಿ ನುಡಿಸಿದರೆ ಮರುದಿನದ ಊಟ. ವಾದ್ಯ ಒಂದು ವಾರ ರಿಪೇರಿಗೆ ಬಿದ್ದರೆ ಆ ವಾರದ ಕೂಲಿ ಇಲ್ಲ. ಈ ಮಾತು ಫೆಂಡರನ ಮನಸ್ಸಿನಲ್ಲಿ ನಾಟಿ ನಿಂತಿತು.

ಬೇರೊಂದು ಕಸುಬಿನಿಂದ ವಾದ್ಯ ನಿರ್ಮಾಣಕ್ಕೆ ಬರುವುದು ನಮಗೂ ಹೊಸದಲ್ಲ. ಹುಬ್ಬಳ್ಳಿಯಿಂದ ಬೆಳಗಾವಿಯ ಮೇಲೆ ಹಾಯ್ದು ಹೋಗುವ ರೈಲು ಮುಟ್ಟುವ ಮಿರಜ ಪಟ್ಟಣದಲ್ಲಿ ತಂಬೂರಿ, ಸಿತಾರುಗಳನ್ನು ಮಾಡುವ ಶಿಕಲಗಾರ ಮನೆತನಗಳು ಮೊದಲು ಕತ್ತಿಗಳನ್ನು ಸಾಣೆ ಹಿಡಿಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತಿಯ ಕಾಲ ಮುಗಿಯುತ್ತ ಬಂದಾಗ ಅದೇ ಕೈಗಳು ಸೋರೆಬುರುಡೆಯನ್ನೂ ಮರವನ್ನೂ ಹಿಡಿದವು. ಆ ಊರಿನ ಸಿತಾರು-ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮಿರಜದಲ್ಲಿ ನೆಲೆಸಿ ಸವಾಯಿ ಗಂಧರ್ವರಂಥ ಶಿಷ್ಯರನ್ನು ಬೆಳೆಸಿದ ಅಬ್ದುಲ್ ಕರೀಮ್ ಖಾನರೂ ವಾದ್ಯಗಳನ್ನು ದುರಸ್ತಿ ಮಾಡುವುದರಲ್ಲಿ ನಿಪುಣರೆಂದು ಹೆಸರಾಗಿದ್ದರು. ಆದರೆ ಮಿರಜದ ತಂಬೂರಿ ಒಂದೊಂದೂ ಒಬ್ಬ ಕುಶಲಿಯ ಕೈಯಲ್ಲಿ ಬೇರೆಬೇರೆಯಾಗಿ ಹುಟ್ಟುತ್ತದೆ. ಫೆಂಡರ್ ಹಿಡಿದ ದಾರಿ ಇದಕ್ಕಿಂತ ಬೇರೆಯಾಯಿತು.

ಯುದ್ಧದ ಕಾಲದಲ್ಲಿ ಡಾಕ್ ಕಾಫ್‌ಮನ್ ಎಂಬ ಗೆಳೆಯನೊಡನೆ ಸೇರಿ ಫೆಂಡರ್ ೧೯೪೫ರಲ್ಲಿ ಒಂದು ಸಣ್ಣ ಕಾರಖಾನೆಯನ್ನು ಹೂಡಿದನು. ಅವರು ಮಾಡಿದುದು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ಹವಾಯಿ ಗಿಟಾರುಗಳನ್ನು ಮತ್ತು ಅವಕ್ಕೆ ಬೇಕಾದ ಆಂಪ್ಲಿಫಾಯರುಗಳನ್ನು. ಆ ಗಿಟಾರು ನಮ್ಮ ದೇಶದ ಕಿವಿಗೂ ಬಹು ಕಾಲದಿಂದ ಪರಿಚಿತವಾದುದೇ. ಚಲನಚಿತ್ರ ಗೀತೆಗಳಲ್ಲಿ ಅದು ಹರಿದಾಡಿತು. ಬ್ರಿಜ್ ಭೂಷಣ್ ಕಾಬ್ರಾ ಅವರು ಅದರಲ್ಲಿ ರಾಗಗಳನ್ನು ಬಿಡಿಸಿದರು. ಅದನ್ನು ಮಾರ್ಪಡಿಸಿ ನುಡಿಸಿದ ವಿಶ್ವಮೋಹನ ಭಟ್ಟರಿಗೆ ೧೯೯೪ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಮೀಂಡಿನ ಸುಖವನ್ನು ಬಲ್ಲ ನಮ್ಮವರಿಗೆ ಜಾರುವ ಸ್ವರದ ಆ ಗಿಟಾರು ಬಳಿಯದೆನಿಸಿದುದು ಸಹಜವೇ. ಕಾಫ್‌ಮನ್ ೧೯೪೬ರಲ್ಲಿ ವ್ಯಾಪಾರದಿಂದ ಹಿಂದೆ ಸರಿದನು. ಫೆಂಡರ್ ತನ್ನ ಹೆಸರಿನಲ್ಲಿಯೇ ಕಂಪನಿಯನ್ನು ಮುಂದುವರಿಸಿದನು.

ಆಗ ಎದೆಗಾನಿಸಿ ನುಡಿಸುವ ಸಾಮಾನ್ಯ ಗಿಟಾರಿಗೊಂದು ಸಂಕಟವಿದ್ದಿತು. ಕುಣಿತದ ಮನೆಯ ಗದ್ದಲದಲ್ಲಿ ಅದರ ದನಿ ಕೇಳುತ್ತಿರಲಿಲ್ಲ. ಪೊಳ್ಳು ಒಡಲಿನ ಆ ಗಿಟಾರಿಗೆ ಪಿಕಪ್ ಕೂಡಿಸಿ ಧ್ವನಿಯನ್ನು ಏರಿಸಹೋದರೆ, ಆಂಪ್ಲಿಫಾಯರಿನಿಂದ ಬಂದ ಸದ್ದೇ ಗಿಟಾರಿನ ಒಡಲನ್ನು ನಡುಗಿಸಿ ಒಂದು ಊಳಿಡುವ ದನಿ ಹೊರಡುತ್ತಿದ್ದಿತು. ಸಭೆಗಳಲ್ಲಿ ಮೈಕು ಕೂಗುವುದನ್ನು ಕೇಳಿದವರಿಗೆ ಈ ತೊಂದರೆ ತಿಳಿದೀತು. ಒಡಲು ಪೊಳ್ಳಾಗಿರದೆ ಗಟ್ಟಿ ಹಲಗೆಯಾಗಿದ್ದರೆ ಅದು ಸುಲಭವಾಗಿ ನಡುಗದು. ದನಿಯನ್ನು ಹುಟ್ಟಿಸುವ ಕೆಲಸವನ್ನು ಪಿಕಪ್ಪು ನೋಡಿಕೊಳ್ಳುತ್ತದೆ. ಅದು ಅಯಸ್ಕಾಂತಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸಣ್ಣ ಸುರುಳಿ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಕದಲಿ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫಾಯರು ಹಿಗ್ಗಿಸುತ್ತದೆ. ಗಟ್ಟಿ ಒಡಲಿನ ಗಿಟಾರನ್ನು ಮೊದಲು ಕಲ್ಪಿಸಿದವನು ಫೆಂಡರನೇ ಎನ್ನುವುದು ಸರಿಯಲ್ಲ. ಲೆಸ್ ಪಾಲ್, ಪಾಲ್ ಬಿಗ್ಸ್‌ಬಿ ಮೊದಲಾದವರು ಆತನಿಗಿಂತ ಮುಂಚೆಯೇ ಆ ದಿಕ್ಕಿನಲ್ಲಿ ಕೆಲಸ ಮಾಡಿದ್ದರು. ಅವರು ಮಾಡಿದುದು ಒಂದೆರಡು ವಾದ್ಯಗಳನ್ನು. ಊರೆಲ್ಲ ಕೊಳ್ಳುವಂತೆ ಮಾಡುವುದು ಹೇಗೆಂದು ಯೋಚಿಸಿದವನು ಫೆಂಡರ್.

೧೯೫೦ರಲ್ಲಿ ಆತನ ಗಿಟಾರು ಪೇಟೆಗೆ ಬಂದಿತು. ಮೊದಲು ಎಸ್ಕ್ವೈರ್ ಎಂದೂ ಆಮೇಲೆ ಬ್ರಾಡ್‌ಕಾಸ್ಟರ್ ಎಂದೂ ಹೆಸರಾಯಿತು. ಬೇರೊಂದು ಕಂಪನಿಯ ನಗಾರಿಗಳಿಗೆ ಆ ಹೆಸರು ಇದ್ದುದರಿಂದ ೧೯೫೧ರಲ್ಲಿ ಟೆಲಿಕಾಸ್ಟರ್ ಎಂದು ಬದಲಾಯಿಸಬೇಕಾಯಿತು. ವಾದ್ಯ ವ್ಯಾಪಾರಿಗಳ ಮೇಳದಲ್ಲಿ ಪ್ರತಿಸ್ಪರ್ಧಿಗಳು ಅದನ್ನು ನೋಡಿ ನಕ್ಕರು. ಹಿಮ ಗೋರುವ ಸಲಿಕೆಗೂ ದೋಣಿಯ ಹುಟ್ಟಿಗೂ ಹೋಲಿಸಿದರು. ಶತಮಾನಗಳಿಂದ ಮರವನ್ನು ಬಾಗಿಸಿ, ಅಂಟು ಹಚ್ಚಿ, ಕೊರೆದು ಮಾಡಿದ ವಾದ್ಯಗಳನ್ನು ಕಂಡ ಕಣ್ಣುಗಳಿಗೆ ಅದು ಹಲಗೆಯ ತುಂಡಿನಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಹಲಗೆಯನ್ನು ಗರಗಸದಿಂದ ಕತ್ತರಿಸಿ, ಮೇಪಲ್ ಮರದ ದಂಡಿಯನ್ನು ಅಂಟಿನಿಂದಲ್ಲ, ನಾಲ್ಕು ತಿರುಪುಗಳಿಂದ ಬಿಗಿಯಲಾಗಿದ್ದಿತು. ದಂಡಿ ಕೆಟ್ಟರೆ ತಿರುಪು ಬಿಚ್ಚಿ ಬೇರೆ ದಂಡಿಯನ್ನು ಕೂಡಿಸಬಹುದು. ಪಿಕಪ್ಪು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ವಾದಕನು ಅಂದಿನ ರಾತ್ರಿಯ ಕೂಲಿಯನ್ನು ಕಳೆದುಕೊಳ್ಳಬೇಕಾಗಿಲ್ಲ. ಟೆಲಿಕಾಸ್ಟರಿನ ಬೆಲೆ ೧೮೯ ಡಾಲರ್ ೫೦ ಸೆಂಟ್ ಆಗಿದ್ದಿತು. ದುಡಿಯುವ ವಾದಕನು ಕಂತಿನ ಮೇಲೆಯಾದರೂ ಕೊಳ್ಳಬಹುದಾದ ಬೆಲೆ ಅದು.

ಆತ ಹಟಮಾರಿಯೂ ಆಗಿದ್ದನು. ಮೇಪಲ್ ಮರ ಗಟ್ಟಿಯಾದುದರಿಂದ ದಂಡಿಯೊಳಗೆ ಉಕ್ಕಿನ ಸರಳು ಬೇಕಾಗಿಲ್ಲವೆಂಬುದು ಆತನ ಅಭಿಪ್ರಾಯ. ಮೊದಲ ಗಿಟಾರುಗಳ ದಂಡಿಗಳು ಬಾಗತೊಡಗಿದವು. ಮಾರಾಟವನ್ನು ನೋಡಿಕೊಳ್ಳುತ್ತಿದ್ದ ಡಾನ್ ರ್ಯಾಂಡಲ್ ಒತ್ತಾಯಿಸಿದ ಮೇಲೆ ಫೆಂಡರ್ ಒಪ್ಪಿ ಸರಳನ್ನು ಸೇರಿಸಿದನು. ಈ ಒಂದು ಸರಳಿನ ಬೆಲೆ ನನಗೆ ಚೆನ್ನಾಗಿ ಗೊತ್ತು. ಧಾರವಾಡದ ಮಳೆಗಾಲದ ತೇವ, ಅದರ ಬೆನ್ನಿಗೆ ಬರುವ ಒಣ ಹವೆ ಇವೆರಡೂ ಮರಕ್ಕೆ ಹಿತವಲ್ಲ. ನನ್ನ ಅಗ್ಗದ ಗಿಟಾರಿನ ದಂಡಿ ಒಂದು ಬೇಸಿಗೆಯಲ್ಲಿ ತುಸು ಬಾಗಿ, ತಂತಿಗಳು ಮೆಟ್ಟಿಲುಗಳಿಗೆ ತಾಗಿ ಕಿರಿಗುಟ್ಟತೊಡಗಿದವು. ಸಣ್ಣದೊಂದು ಕೀಲಿಯಿಂದ ಸರಳನ್ನು ಕಾಲು ಸುತ್ತು ತಿರುಗಿಸಿದೆ. ಒಂದು ದಿನ ಬಿಟ್ಟು ಮತ್ತೆ ನೋಡಿದೆ. ವಾದ್ಯ ಸರಿಯಾಯಿತು. ಕೆಲಸ ನನ್ನ ಮನೆಯ ಜಗಲಿಯ ಮೇಲೆಯೇ ಮುಗಿಯಿತು. ಸಾವಿರಾರು ಮೈಲಿಗಳಾಚೆ, ನಾನು ಹುಟ್ಟುವ ಮೊದಲೇ, ಯಾರೋ ನನ್ನಂಥ ಅರೆಬರೆ ತಿಳಿದವನನ್ನು ನೆನೆದು ಆ ತಿರುಪುಗಳನ್ನು ಅಲ್ಲಿ ಇಟ್ಟಿದ್ದನೆಂದು ಅಂದು ತೋರಿತು.

೧೯೫೧ರಲ್ಲಿಯೇ ಫೆಂಡರ್ ವಿದ್ಯುತ್ ಬೇಸ್ ಗಿಟಾರನ್ನು ಹೊರತಂದನು. ಅಲ್ಲಿಯವರೆಗೆ ಮಂದ್ರದ ಕೆಲಸಕ್ಕೆ ಆಳೆತ್ತರದ ಡಬಲ್ ಬೇಸ್ ಬೇಕಾಗುತ್ತಿದ್ದಿತು. ಅದನ್ನು ಸಾಗಿಸುವುದು ಕಷ್ಟ, ಕಲಿಯುವುದು ಕಷ್ಟ, ಮೇಳದ ಗದ್ದಲದಲ್ಲಿ ಕೇಳಿಸುವುದಂತೂ ಇನ್ನೂ ಕಷ್ಟ. ಫೆಂಡರನ ಬೇಸ್ ಭುಜಕ್ಕೆ ನೇತಾಡಿತು. ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನ ತಪ್ಪುವ ಭಯವಿಲ್ಲದಾಯಿತು. ನಿಖರವಾದ ಸ್ವರ ಎಂಬ ಅರ್ಥದಲ್ಲಿಯೇ ಅದಕ್ಕೆ ಪ್ರಿಸಿಷನ್ ಎಂಬ ಹೆಸರು ಬಂದಿತು. ಒಂದು ವಾದ್ಯದಿಂದ ಮೇಳಗಳ ರಚನೆಯೇ ಬದಲಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ನಾಲ್ಕು ಜನ ಗೆಳೆಯರು ಒಂದು ಮೋಟಾರಿನಲ್ಲಿ ತಮ್ಮ ವಾದ್ಯಗಳನ್ನೆಲ್ಲ ತುಂಬಿಕೊಂಡು ಊರೂರು ತಿರುಗುವುದು ಇದರಿಂದ ಸುಲಭವಾಯಿತು.

೧೯೫೪ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಆತನ ಕೃತಿಗಳಲ್ಲಿ ಹೆಚ್ಚು ಪ್ರಸಿದ್ಧವಾದುದು. ಅದರ ಚರಿತ್ರೆಯಲ್ಲಿ ಆತನ ಸ್ವಭಾವ ಸ್ಪಷ್ಟವಾಗಿ ಕಾಣುತ್ತದೆ. ಗಿಟಾರು ನುಡಿಸಲು ಬಾರದವನಾದುದರಿಂದ ಆತ ಪ್ರತಿಯೊಂದನ್ನೂ ವಾದಕರನ್ನು ಕೇಳಿಯೇ ತಿಳಿಯಬೇಕಾಗಿದ್ದಿತು. ಬಿಲ್ ಕಾರ್ಸನ್ ಮೊದಲಾದ ವಾದಕರು ಟೆಲಿಕಾಸ್ಟರಿನ ಚೌಕು ಅಂಚುಗಳು ಪಕ್ಕೆಲುಬಿಗೆ ಒತ್ತುತ್ತವೆಂದು ದೂರಿದರು. ಆತ ಹಲಗೆಯ ಬೆನ್ನನ್ನೂ ಮುಂಗೈ ತಾಗುವ ಅಂಚನ್ನೂ ಇಳಿಜಾರಾಗಿ ತಾಸಿದನು. ಮೇಲಿನ ಮೆಟ್ಟಿಲುಗಳಿಗೆ ಬೆರಳು ಮುಟ್ಟಲೆಂದು ಎರಡು ಕಡೆ ಕೋಡುಗಳ ನಡುವೆ ಜಾಗ ಬಿಟ್ಟನು. ಹವಾಯಿ ದ್ವೀಪದಿಂದ ಬಂದ ವಾದಕ ಫ್ರೆಡ್ಡಿ ಟವಾರೆಸ್ ಅದರ ಆಕಾರವನ್ನು ರೂಪಿಸುವುದರಲ್ಲಿ ನೆರವಾದನು. ಇಂದು ಚೆಲುವೆನಿಸುವ ಆ ಮೈಮಾಟದ ಬಹು ಭಾಗ ಹುಟ್ಟಿದುದು ಯಾರದೋ ಪಕ್ಕೆಯ ನೋವಿನಿಂದ. ಸ್ವರವನ್ನು ಜಗ್ಗುವ ಹಿಡಿಕೆಯೊಂದಿಗೆ ಅದರ ಬೆಲೆ ೨೪೯ ಡಾಲರ್ ೫೦ ಸೆಂಟ್.

ತಾನು ನುಡಿಸಲಾರೆನೆಂಬುದು ಆತನಿಗೆ ಕುಂದೆನಿಸಿದಂತೆ ಕಾಣುವುದಿಲ್ಲ. ನುಡಿಸಬಲ್ಲವನು ತನ್ನ ಕೈಗೆ ಒಗ್ಗುವ ವಾದ್ಯವನ್ನು ಮಾಡಿಕೊಳ್ಳುತ್ತಾನೆ. ನುಡಿಸಲಾರದವನು ನೂರು ಕೈಗಳನ್ನು ವಿಚಾರಿಸಬೇಕಾಗುತ್ತದೆ. ನನ್ನ ಮಟ್ಟಿಗೆ ಫೆಂಡರನ ಹಿರಿಮೆಯ ಗುಟ್ಟು ಇಲ್ಲಿಯೇ ಇದೆ.

ಅಗ್ಗದ ವಾದ್ಯವನ್ನು ಹಗುರವಾಗಿ ಕಾಣುವ ಅಭ್ಯಾಸ ನಮ್ಮಲ್ಲಿಯೂ ಉಂಟು. ಹಾರ್ಮೋನಿಯಮ್ಮಿನ ಕಥೆಯೇ ಇದಕ್ಕೆ ಸಾಕ್ಷಿ. ಕಂಪನಿ ನಾಟಕಗಳಲ್ಲಿ, ಭಜನೆಯ ಮನೆಗಳಲ್ಲಿ, ಶಾಲೆಗಳಲ್ಲಿ ನಮ್ಮ ಜನ ಸ್ವರವನ್ನು ಗುರುತಿಸಲು ಕಲಿತುದು ಪೇಟಿಯಿಂದ. ಆದರೆ ಶ್ರುತಿಭೇದಗಳನ್ನು ಅದು ಹೇಳಲಾರದು, ಮೀಂಡು ಅದರಲ್ಲಿ ಬಾರದು ಎಂಬ ಕಾರಣಗಳಿಂದ ಆಕಾಶವಾಣಿಯು ೧೯೪೦ರಲ್ಲಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾದುದು ೧೯೭೧ರಲ್ಲಿ. ಶಾಸ್ತ್ರದ ದೃಷ್ಟಿಯಿಂದ ಆ ಆಕ್ಷೇಪಣೆಗಳು ಸುಳ್ಳಲ್ಲ. ಆದರೆ ಮೂವತ್ತು ವರ್ಷಗಳ ಆ ಅವಧಿಯಲ್ಲಿಯೂ ಹಳ್ಳಿಯ ಹುಡುಗನಿಗೆ ಸಾ ಎಲ್ಲಿದೆಯೆಂದು ತೋರಿಸಿಕೊಟ್ಟದ್ದು ಆ ಪೇಟಿಯೇ. ವಾದ್ಯದ ಬೆಲೆ ಇಳಿದಾಗ ಸಂಗೀತದ ಮಟ್ಟ ಇಳಿಯುತ್ತದೆಂಬ ಭಯ ಪಂಡಿತರಿಗೆ ಇರಬಹುದು. ಬಾಗಿಲು ಅಗಲವಾಗುತ್ತದೆಂಬುದು ಹವ್ಯಾಸಿಯ ಅನುಭವ.

ಫೆಂಡರನ ಕಾರಖಾನೆ ಬೆಳೆಯಿತು, ಆರೋಗ್ಯ ಕುಂದಿತು. ಮೂಗಿನ ಒಳಗಿನ ಸೋಂಕು ವರ್ಷಗಟ್ಟಲೆ ಕಾಡಿ, ತಾನು ಬಹಳ ದಿನ ಬದುಕುವುದಿಲ್ಲವೆಂದು ಆತ ನಂಬಿದನು. ೧೯೬೫ರ ಜನವರಿಯಲ್ಲಿ ಕಂಪನಿಯನ್ನು ಸಿ.ಬಿ.ಎಸ್. ಎಂಬ ದೊಡ್ಡ ಪ್ರಸಾರ ಸಂಸ್ಥೆಗೆ ೧ ಕೋಟಿ ೩೦ ಲಕ್ಷ ಡಾಲರುಗಳಿಗೆ ಮಾರಿದನು. ೬೦೦ ಡಾಲರ್ ಸಾಲದಿಂದ ತೊಡಗಿದವನಿಗೆ ಇದು ಕನಸಿನ ಮೊತ್ತ. ವಿಧಿಯ ಆಟವನ್ನು ನೋಡಿರಿ: ಮಾರಾಟವಾದ ಮೇಲೆ ಬೇರೊಬ್ಬ ವೈದ್ಯನ ಚಿಕಿತ್ಸೆಯಿಂದ ಆತ ಸಂಪೂರ್ಣ ಗುಣವಾದನು. ಮುಂದೆ ಇಪ್ಪತ್ತಾರು ವರ್ಷ ಬದುಕಿದನು. ಆದರೆ ಆತನ ಹೆಸರು ಅಷ್ಟರಲ್ಲಿ ಪರರ ಸ್ವತ್ತಾಗಿದ್ದಿತು.

ಹೊಸ ಒಡೆತನದಲ್ಲಿ ವಾದ್ಯಗಳ ಗುಣಮಟ್ಟ ಇಳಿಯಿತೆಂಬ ದೂರು ವಾದಕರಲ್ಲಿ ಹಬ್ಬಿತು. ಹಳೆಯ ಗಿಟಾರುಗಳನ್ನು ಹುಡುಕಿ ಕೊಳ್ಳುವ ರೂಢಿ ಆಗ ಆರಂಭವಾಯಿತು. ಹತ್ತು ವರ್ಷ ಪ್ರತಿಸ್ಪರ್ಧೆ ಮಾಡುವುದಿಲ್ಲವೆಂಬ ಒಪ್ಪಂದಕ್ಕೆ ಕಟ್ಟುಬಿದ್ದ ಫೆಂಡರ್, ಅವಧಿ ತೀರುತ್ತಲೇ ೧೯೭೫ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷನಾದನು. ೧೯೭೯ರಲ್ಲಿ ಪತ್ನಿ ಎಸ್ತರ್ ಕ್ಯಾನ್ಸರಿನಿಂದ ತೀರಿಕೊಂಡಳು. ಅದೇ ಸುಮಾರಿಗೆ ಹಳೆಯ ಸಂಗಾತಿ ಜಾರ್ಜ್ ಫುಲರ್ಟನ್ನನೊಡನೆ ಆತ ಜಿ ಎಂಡ್ ಎಲ್ ಎಂಬ ಹೊಸ ಕಾರಖಾನೆಯನ್ನು ಕಟ್ಟಿದನು. ಎರಡಕ್ಷರಗಳಲ್ಲಿ ಒಂದು ಜಾರ್ಜನದು, ಇನ್ನೊಂದು ಲಿಯೋನದು. ಲೋಕದ ಲಕ್ಷಾವಧಿ ಗಿಟಾರುಗಳ ತಲೆಯ ಮೇಲೆ ಫೆಂಡರ್ ಎಂದು ಬರೆದಿದ್ದಾಗ, ಸ್ವತಃ ಫೆಂಡರ್ ಮಾಡಿದ ಗಿಟಾರಿನ ಮೇಲೆ ಮಾತ್ರ ಆ ಹೆಸರು ಬರೆಯುವಂತಿರಲಿಲ್ಲ. ಆದರೂ ಆ ವಾದ್ಯಗಳನ್ನು ಆತ ತನ್ನ ಹಳೆಯವುಗಳಿಗಿಂತ ಮೇಲೆಂದೇ ಎಣಿಸಿ, ಕೊನೆಯವರೆಗೂ ತಿದ್ದುತ್ತ ಹೋದನು.

ಆತನ ಹಳೆಯ ವಾದ್ಯಗಳ ಗತಿ ವಿಚಿತ್ರವಾಯಿತು. ೧೯೬೯ರಲ್ಲಿ ವುಡ್‌ಸ್ಟಾಕಿನ ಮೈದಾನದಲ್ಲಿ ಜಿಮಿ ಹೆಂಡ್ರಿಕ್ಸ್ ಸ್ಟ್ರಾಟೊಕಾಸ್ಟರಿನಿಂದ ಅಮೆರಿಕದ ರಾಷ್ಟ್ರಗೀತವನ್ನು ನುಡಿಸಿದ ಮೇಲೆ ಅದು ಒಂದು ಯುಗದ ಗುರುತಾಯಿತು. ೨೦೧೯ರಲ್ಲಿ ಡೇವಿಡ್ ಗಿಲ್ಮೋರ್ ಎಂಬ ವಾದಕನ ಕಪ್ಪು ಸ್ಟ್ರಾಟೊಕಾಸ್ಟರ್ ಹರಾಜಿನಲ್ಲಿ ೩೯ ಲಕ್ಷ ೭೫ ಸಾವಿರ ಡಾಲರುಗಳಿಗೆ ಹೋಯಿತು. ಆ ಹಣವನ್ನು ಗಿಲ್ಮೋರ್ ದಾನಕ್ಕೆ ಕೊಟ್ಟನು. ಬಡ ವಾದಕನಿಗಾಗಿ ಮಾಡಿದ ವಾದ್ಯ ಧನಿಕನ ಗಾಜಿನ ಪೆಟ್ಟಿಗೆಯನ್ನು ಸೇರಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಫೆಂಡರನ ಬಾಳು ಸೋತಿತೆಂದೇ ಹೇಳಬೇಕಾಗುತ್ತಿದ್ದಿತು.

ಆದರೆ ಮುಗಿಯಲಿಲ್ಲ. ಹಲಗೆ, ತಿರುಪು, ಸುರುಳಿ ಇಷ್ಟರಿಂದಲೇ ಆಗುವ ಆ ವಾದ್ಯವನ್ನು ನೋಡಿ ಮಾಡುವುದು ಬೇರೆಯವರಿಗೂ ಸಾಧ್ಯವಾಯಿತು. ೧೯೭೦ರ ದಶಕದಲ್ಲಿ ಜಪಾನಿನ ಕಾರಖಾನೆಗಳು ಅದರ ನಕಲುಗಳನ್ನು ಮೂಲಕ್ಕೆ ಸಮನಾಗಿಯೂ ಅಗ್ಗವಾಗಿಯೂ ಮಾಡತೊಡಗಿದವು. ಅವುಗಳಿಗೆ ಎದುರಾಗಿ ೧೯೮೨ರಲ್ಲಿ ಫ಼ೆಂಡರ್ ಕಂಪನಿಯೇ ಜಪಾನಿನಲ್ಲಿ ಸ್ಕ್ವೈಯರ್ ಎಂಬ ಹೆಸರಿನಿಂದ ಕಡಿಮೆ ಬೆಲೆಯ ಗಿಟಾರುಗಳನ್ನು ಮಾಡಿಸಿತು. ಮುಂದೆ ಆ ಕೆಲಸ ಚೀನಾ, ಇಂಡೋನೇಶಿಯಾ ದೇಶಗಳಿಗೆ ಹಬ್ಬಿತು. ಆ ಒಡಲಿನ ಆಕಾರವು ತನ್ನೊಬ್ಬಳದೇ ವಾಣಿಜ್ಯಮುದ್ರೆಯಾಗಬೇಕೆಂದು ಕಂಪನಿ ಕೇಳಿಕೊಂಡಾಗ, ಅದು ಈಗಾಗಲೇ ಸರ್ವಸಾಮಾನ್ಯವಾಗಿದೆಯೆಂದು ಅಮೆರಿಕದ ಸಂಬಂಧಪಟ್ಟ ಮಂಡಳಿಯು ೨೦೦೯ರಲ್ಲಿ ನಿರಾಕರಿಸಿತು. ನಮ್ಮ ದೇಶದಲ್ಲಿಯೂ ಕೊಲ್ಕತ್ತದ ಗಿವ್ಸನ್ ಮುಂತಾದ ತಯಾರಕರು ಬಡ ವಿದ್ಯಾರ್ಥಿಯ ಕೈಗೆ ಗಿಟಾರನ್ನು ಮುಟ್ಟಿಸಿದರು. ಹೀಗೆ ಕೋಡುಗಳೆರಡರ ಆ ಆಕಾರ ಜಾನಪದದ ಮಟ್ಟುಗಳಂತೆ ಎಲ್ಲರ ಆಸ್ತಿಯಾಗಿ, ಹುಬ್ಬಳ್ಳಿಯ ಗೋಡೆಯ ಮೇಲೂ ನೇತಾಡುವಂತಾಯಿತು.

ಅಗ್ಗದ ಗಿಟಾರು ಕೊಳ್ಳಹೊರಟ ತರುಣರಿಗೆ ಫೆಂಡರನ ಬಾಳೇ ಕೈಪಿಡಿಯಾಗಬಲ್ಲದು. ಬಣ್ಣವನ್ನೂ ಹೆಸರನ್ನೂ ನೋಡಬೇಡಿರಿ. ದಂಡಿಯನ್ನು ಕಣ್ಣಿಗೆ ನೇರವಾಗಿ ಹಿಡಿದು, ಅದು ಬಾಗಿಲ್ಲದೆ, ತಿರುಚಿಲ್ಲದೆ ಇದೆಯೇ ಎಂದು ನೋಡಿರಿ. ಮೆಟ್ಟಿಲುಗಳ ತುದಿ ಅಂಗೈಗೆ ಚುಚ್ಚಬಾರದು. ಬಿರಡೆಗಳು ತಿರುಗಿಸಿದಲ್ಲಿ ನಿಲ್ಲಬೇಕು. ಪ್ರತಿ ತಂತಿಯನ್ನೂ ಖಾಲಿಯಾಗಿ ಒಮ್ಮೆ, ಹನ್ನೆರಡನೆಯ ಮೆಟ್ಟಿಲಿನ ಮೇಲೆ ಒಮ್ಮೆ ಮೀಟಿದರೆ ಎರಡೂ ಸಾ ಕೂಡಬೇಕು. ಕೂಡದಿದ್ದರೆ ಕುದುರೆಯ ತಿರುಪುಗಳಿಂದ ಸರಿಪಡಿಸಲಾದೀತೇ ಎಂದು ಕೇಳಿರಿ. ಉಳಿದ ಕೊರತೆಗಳನ್ನು ಆಮೇಲೆ ಒಂದೊಂದಾಗಿ ನೀಗಿಸಿಕೊಳ್ಳಬಹುದು. ಇನ್ನೊಂದು ಅನುಕೂಲವೂ ಉಂಟು: ಆಂಪ್ಲಿಫಾಯರಿಗೆ ಜೋಡಿಸದ ಈ ಗಿಟಾರು ಪಿಸುಮಾತಿನಷ್ಟೇ ಸದ್ದು ಮಾಡುವುದರಿಂದ, ಎರಡು ಕೋಣೆಯ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಯಾರ ನಿದ್ರೆಯನ್ನೂ ಕೆಡಿಸದೆ ಅಭ್ಯಾಸ ಮಾಡಬಹುದು.

ಫೆಂಡರನ ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಬಂದಿತು. ಸಣ್ಣ ಸಣ್ಣ ಲಕ್ವಗಳೂ ಹೊಡೆದವು. ಆದರೂ ದಿನವೂ ಕಾರಖಾನೆಗೆ ಬಂದು ತನ್ನ ಕೋಣೆಯಲ್ಲಿ ಕೆಲಸಕ್ಕೆ ಕೂಡುವುದನ್ನು ಬಿಡಲಿಲ್ಲ. ೧೯೯೧ರ ಮಾರ್ಚ್ ೨೧ರಂದು ಎಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಹಿಂದಿನ ದಿನವೂ ಕೆಲಸ ಮಾಡಿದ್ದನು. ಆತನ ಕೋಣೆಯನ್ನು ಆ ಕಾರಖಾನೆಯವರು ಆತ ಬಿಟ್ಟುಹೋದಂತೆಯೇ ಕಾಯ್ದುಕೊಂಡು ಬಂದರು. ಮರುವರ್ಷ ರಾಕ್ ಸಂಗೀತದ ಕೀರ್ತಿಮಂದಿರದಲ್ಲಿ ವಾದಕರ ಸಾಲಿನಲ್ಲಿ, ವಾದಕನಲ್ಲದ ಆತನ ಹೆಸರೂ ಸೇರಿತು.

ದೊಡ್ಡ ಕಲಾವಿದರನ್ನು ಲೋಕ ತಾನಾಗಿ ನೆನೆಯುತ್ತದೆ. ಆದರೆ ಸಂಗೀತವು ಊರಿನಲ್ಲಿ ಬದುಕುವುದು ಅವರೊಬ್ಬರಿಂದಲೇ ಅಲ್ಲ. ಕಚೇರಿಯಿಂದ, ವರ್ಗದಿಂದ, ಅಂಗಡಿಯಿಂದ ದಣಿದು ಬಂದು, ಕೈಗೆಟಕುವ ವಾದ್ಯವನ್ನು ತೊಡೆಯ ಮೇಲಿಟ್ಟುಕೊಳ್ಳುವವರಿಂದಲೂ ಅದು ಬದುಕುತ್ತದೆ. ದೊಡ್ಡವರ ಹಾಡಿಗೆ ಕಿವಿಯಾಗುವವರೂ ಹೆಚ್ಚಾಗಿ ಇವರೇ. ಅಂಥವರು ಏನನ್ನು ಕೊಳ್ಳಬಲ್ಲರು, ಏನನ್ನು ತಾವೇ ದುರಸ್ತಿ ಮಾಡಿಕೊಳ್ಳಬಲ್ಲರು ಎಂಬುದನ್ನು ಒಂದು ಕಣ್ಣಿನ ಆ ರೇಡಿಯೋ ರಿಪೇರಿಯವನು ಜೀವನವೆಲ್ಲ ಯೋಚಿಸಿದನು. ನಮ್ಮ ತಂಬೂರಿಗೂ ಸಿತಾರಿಗೂ ಹೀಗೆ ಯೋಚಿಸುವವರು ದೊರೆತರೆ ಈ ಊರುಗಳ ಸಂಗೀತಕ್ಕೆ ಹಾನಿಯೇನೂ ಆಗಲಾರದು.